ಉಪಯುಕ್ತತೆಯನ್ನು ಸೂಚಿಸುವ ಮೂರು ಇಂಗ್ಲಿಷ್ ಪಡೆನುಡಿಗಳು

ಇತಿಹಾಸದ ವಿದ್ಯಾರ್ಥಿಗಳು ಇಂಗ್ಲಿಷ್ ಗ್ರಂಥಗಳನ್ನು ಓದುವಾಗ ಕಠಿನಪದಗಳಿಗೆ ನಿಘಂಟನ್ನು ನೋಡುತ್ತಾರೆ. ಸುಲಭಪದಗಳಿಂದಾದ ಪಡೆನುಡಿಗಳನ್ನು ಮಾತ್ರ ಊಹೆಯಿಂದಲೇ ದಾಟಿಬಿಡುತ್ತಾರೆ. ಇದರಿಂದ ಗ್ರಂಥಕರ್ತನ ತೀರ್ಪೇ ತಲೆಕೆಳಗಾಗುವುದುಂಟು. ಒಂದು ವಸ್ತು ಉಪಯೋಗಕ್ಕೆ ಬಂದಿತೇ ಇಲ್ಲವೇ ಎಂಬುದನ್ನು ತಿಳಿಸುವ ಮೂರು ಪಡೆನುಡಿಗಳನ್ನು ಇಲ್ಲಿ ಪರಿಶೀಲಿಸೋಣ.

ಮೊದಲನೆಯದು ‘ವೈಟ್ ಎಲಿಫೆಂಟ್’. ಐರಾವತದ ಕಥೆಯನ್ನು ಕೇಳಿ ಬೆಳೆದ ನಮಗೆ ಬಿಳಿಯಾನೆಯೆಂದರೆ ವೈಭವ. ಬ್ರೂನೆಲ್ ಎಂಬ ಯಂತ್ರಶಿಲ್ಪಿ ರಚಿಸಿದ, 1858ರಲ್ಲಿ ನೀರಿಗಿಳಿದ ‘ಗ್ರೇಟ್ ಈಸ್ಟರ್ನ್’ ಹಡಗಿಗೆ ಈ ಹೆಸರು ಸಂದಿರುವುದನ್ನು ಕಂಡು ವಿದ್ಯಾರ್ಥಿಯು ಹೊಗಳಿಕೆಯೆಂದು ಬಗೆದರೆ ಆಶ್ಚರ್ಯವಿಲ್ಲ. ಆದರೆ ಈ ನುಡಿಯ ಮೂಲ ಸಯಾಂ, ಎಂದರೆ ಈಗಿನ ಥಾಯ್ಲೆಂಡ್. ಅಲ್ಲಿ ಬಿಳಿಯಾನೆ ಪವಿತ್ರ. ಅದನ್ನು ದುಡಿಸುವಂತಿರಲಿಲ್ಲ, ಸಾಕುವ ವೆಚ್ಚವೋ ಅಪಾರ. ಆದಕಾರಣ ವೆಚ್ಚಕ್ಕೆ ತಕ್ಕ ಫಲವಿಲ್ಲದ, ಸುಲಭವಾಗಿ ಕೈಬಿಡಲೂ ಆಗದ ಸ್ವತ್ತನ್ನು ಇಂಗ್ಲಿಷಿನಲ್ಲಿ ಹೀಗೆನ್ನುತ್ತಾರೆ. 4,000 ಪ್ರಯಾಣಿಕರಿಗಾಗಿ ಕಟ್ಟಿದ ಆ ಹಡಗು ಒಡೆಯರಿಗೆ ನಷ್ಟವನ್ನೇ ತಂದಿತು.

ಎರಡನೆಯದು ‘ಕಮ್ ಇನ್ ಹ್ಯಾಂಡಿ’. ಇದ್ದ ವಸ್ತುವೊಂದು ಸಮಯ ಬಂದಾಗ ಅನುಕೂಲಕ್ಕೆ ಒದಗುವುದೇ ಇದರ ಅರ್ಥ. ಅದೇ ಹಡಗಿನ ವಿಶಾಲವಾದ ಒಡಲು 1866ರಲ್ಲಿ ಅಟ್ಲಾಂಟಿಕ್ ಸಾಗರದಡಿ, 1870ರಲ್ಲಿ ಮುಂಬಯಿಗೂ ಏಡನ್ನಿಗೂ ನಡುವೆ ತಂತಿಯನ್ನು ಹಾಸಲು ಹೀಗೆ ಒದಗಿತು. ಆದರೆ ಇದು ಆಡುಮಾತಿನ ಪ್ರಯೋಗ. ಪ್ರಬಂಧದಲ್ಲಿ ‘ಪ್ರೂವ್ಡ್ ಯೂಸ್‌ಫುಲ್’ ಎಂದು ಬರೆಯುವುದು ಲೇಸು.

ಮೂರನೆಯದು ‘ಸ್ಟ್ಯಾಂಡ್ ಇನ್ ಗುಡ್ ಸ್ಟೆಡ್’. ಮೊದಲೇ ಗಳಿಸಿದ ಗುಣ ಅಥವಾ ಅನುಭವ ಮುಂದೆ ಒಬ್ಬನ ಕೈಹಿಡಿಯುವುದೆಂದು ಇದರ ಭಾವ. ಇಲ್ಲಿ ತಪ್ಪು ನುಸುಳುವುದು ಕರ್ತೃಪದದಲ್ಲಿ. ಆರ್ಥರ್ ವೆಲ್ಲೆಸ್ಲಿ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿಯೂ 1803ರಲ್ಲಿ ಅಸ್ಸಾಯೆಯಲ್ಲಿಯೂ ಪಡೆದ ಅನುಭವ 1808ರಿಂದ ಪೋರ್ಚುಗಲ್, ಸ್ಪೇನ್‌ಗಳ ಯುದ್ಧದಲ್ಲಿ ಅವನಿಗೆ ನೆರವಾಯಿತು. ಇದನ್ನು ‘ವೆಲ್ಲೆಸ್ಲಿ ಸ್ಟುಡ್ ಇನ್ ಗುಡ್ ಸ್ಟೆಡ್’ ಎಂದು ಬರೆಯುವುದು ಅಶುದ್ಧ. ‘ಹಿಸ್ ಎಕ್ಸ್‌ಪೀರಿಯನ್ಸ್ ಸ್ಟುಡ್ ಹಿಮ್ ಇನ್ ಗುಡ್ ಸ್ಟೆಡ್’ ಎಂಬುದೇ ಸರಿ. ನಿಲ್ಲುವುದು ಅನುಭವ, ಅದರ ಫಲವನ್ನು ಉಣ್ಣುವವನು ಮನುಷ್ಯ.

ಒಂದೇ ಹಡಗು ಒಂದು ಕಾಲಕ್ಕೆ ಹೊರೆಯಾಗಿ, ಇನ್ನೊಂದು ಕಾಲಕ್ಕೆ ಉಪಕಾರಿಯಾಗಿ ಕಂಡಿತಷ್ಟೆ. ಯಾವ ಕಾಲಕ್ಕೆ, ಯಾವ ಕಾರ್ಯಕ್ಕೆ, ಯಾರಿಗೆ ಉಪಯೋಗವೆಂಬುದನ್ನು ಈ ನುಡಿಗಳೇ ಹೇಳುತ್ತವೆ. ಬಿಡಿಪದಗಳ ಅರ್ಥವನ್ನು ಕೂಡಿಸಿ ಓದುವವನಿಗೆ ಆ ತೀರ್ಪು ಕಾಣದು. ಇಡಿಯಾಗಿ ಗ್ರಹಿಸಿದವನಿಗೆ ಮಾತ್ರ ಗ್ರಂಥಕರ್ತನ ಅಭಿಪ್ರಾಯ ದಕ್ಕುತ್ತದೆ.