ನಗೆಯ ಮನೆಯಲ್ಲಿ ಬೆಳೆದ ನಕ್ಷತ್ರನೌಕೆ

ಹಾಸ್ಯವನ್ನು ಹಗುರವೆಂದೂ ವಿಜ್ಞಾನ ಕಥೆಯನ್ನು ಬಾಲಿಶವೆಂದೂ ಬದಿಗೆ ಸರಿಸುವುದು ವಿದ್ವಜ್ಜನರಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಇವು ಟೆಲಿವಿಷನ್ನಿನ ಪರದೆಯ ಮೇಲೆ ಮೂಡಿದುವಾದರಂತೂ ಹೇಳುವುದೇ ಬೇಡ. ನಾನು ವಿಮರ್ಶಕನಲ್ಲ, ಎರಡನ್ನೂ ಮನಸಾರೆ ಮೆಚ್ಚಿದ ಸಾಮಾನ್ಯ ಪ್ರೇಕ್ಷಕ. ಆ ಮೆಚ್ಚುಗೆಗೆ ಕಾರಣವೇನೆಂಬುದನ್ನು ತಮ್ಮ ಮುಂದೆ ಇಡಬೇಕೆಂಬುದಷ್ಟೇ ನನ್ನ ಆಸೆ.

ಶೃಂಗಾರದಿಂದ ಹಾಸ್ಯವೂ ವೀರದಿಂದ ಅದ್ಭುತವೂ ಹುಟ್ಟುತ್ತವೆಂದು ಭರತನ ನಾಟ್ಯಶಾಸ್ತ್ರ ಹೇಳುತ್ತದೆ. ಅಂದಮೇಲೆ ಹಾಸ್ಯ, ಅದ್ಭುತಗಳ ತವರು ಬೇರೆ ಬೇರೆ. ಆದರೆ ಅಮೆರಿಕದ ಟೆಲಿವಿಷನ್ನಿನ ಚರಿತ್ರೆಯಲ್ಲಿ ಒಮ್ಮೆ ಈ ಎರಡು ರಸಗಳೂ ಒಂದೇ ಮನೆಯ ಅನ್ನ ಉಂಡು ಬೆಳೆದುವು. ಆ ಮನೆಯ ಯಜಮಾನಿ ಲೂಸಿಲ್ ಬಾಲ್ ಎಂಬ ಹಾಸ್ಯನಟಿ.

'ಐ ಲವ್ ಲೂಸಿ' ಎಂಬ ಆಕೆಯ ಹಾಸ್ಯಮಾಲೆ 1951ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಕಥಾವಸ್ತು ಸರಳ: ವಾದ್ಯವೃಂದದ ನಾಯಕನಾದ ಗಂಡ, ತಾನೂ ರಂಗವೇರಬೇಕೆಂದು ಹಟ ಹಿಡಿದ ಹೆಂಡತಿ. ಗಂಡನ ಪಾತ್ರ ವಹಿಸಿದ ದೇಸಿ ಅರ್ನಾಜ್ ನಿಜಜೀವನದಲ್ಲೂ ಆಕೆಯ ಪತಿ. ಆ ಕಾಲದಲ್ಲಿ ಬಹುಪಾಲು ಕಾರ್ಯಕ್ರಮಗಳು ನ್ಯೂಯಾರ್ಕ್‌ನಿಂದ ನೇರವಾಗಿ ಪ್ರಸಾರವಾಗುತ್ತಿದ್ದುವು. ದೂರದ ಊರಿನವರಿಗಾಗಿ ಪರದೆಯ ಚಿತ್ರವನ್ನೇ ಮತ್ತೆ ಫಿಲ್ಮಿಗೆ ಇಳಿಸುತ್ತಿದ್ದರು. ಅದು ಮಸುಕಾಗಿ ಕಾಣುತ್ತಿತ್ತು. ದಂಪತಿಗಳು ಕ್ಯಾಲಿಫೋರ್ನಿಯ ಬಿಟ್ಟು ಹೋಗಲು ಒಪ್ಪಲಿಲ್ಲ. ಅಲ್ಲಿಯೇ, ಪ್ರೇಕ್ಷಕರ ಎದುರಿನಲ್ಲಿ, ಮೂರು ಕ್ಯಾಮರಾಗಳಿಂದ ನೇರವಾಗಿ ಫಿಲ್ಮಿನ ಮೇಲೆ ಚಿತ್ರಿಸಲು ನಿಶ್ಚಯಿಸಿದರು. ಹೆಚ್ಚುವರಿ ವೆಚ್ಚಕ್ಕಾಗಿ ತಮ್ಮ ಸಂಭಾವನೆಯಲ್ಲಿ ಕಡಿತ ಒಪ್ಪಿಕೊಂಡರು. ಪ್ರತಿಯಾಗಿ ಆ ಫಿಲ್ಮುಗಳ ಒಡೆತನವನ್ನು ತಮ್ಮ 'ದೇಸಿಲು' ಸಂಸ್ಥೆಗೆ ಉಳಿಸಿಕೊಂಡರು.

ಮೂರು ದಿಕ್ಕಿನಿಂದ ಏಕಕಾಲಕ್ಕೆ ಚಿತ್ರಿಸುವಾಗ ಬೆಳಕನ್ನು ಎಲ್ಲಿಡಬೇಕು? ಒಂದು ಕ್ಯಾಮರಾಗೆ ಹೊಂದಿದ ದೀಪ ಇನ್ನೊಂದಕ್ಕೆ ನೆರಳಾಗುತ್ತದೆ. ಮೇಲಿನಿಂದ ಸಮನಾಗಿ ಹರಡುವ ಬೆಳಕನ್ನು ಏರ್ಪಡಿಸಿ ಈ ತೊಡಕನ್ನು ಬಿಡಿಸಿದವನು ಕಾರ್ಲ್ ಫ್ರಾಯಿಂಡ್ ಎಂಬ ಹಿರಿಯ ಛಾಯಾಗ್ರಾಹಕ. ಈತ ಯಾರೆಂದುಕೊಂಡಿರಿ? 1927ರಲ್ಲಿ ಜರ್ಮನಿಯಲ್ಲಿ ತೆರೆಕಂಡ ಫ್ರಿಟ್ಸ್ ಲಾಂಗ್‌ನ 'ಮೆಟ್ರೊಪೊಲಿಸ್' ಚಿತ್ರದ ಛಾಯಾಗ್ರಾಹಕರಲ್ಲಿ ಒಬ್ಬ! ಭವಿಷ್ಯನಗರದ ಯಂತ್ರಗಳನ್ನೂ ಲೋಹದ ಹೆಣ್ಣನ್ನೂ ಬೆಳಗಿದ ಕಣ್ಣೇ ಮುಂದೆ ಒಬ್ಬ ಗೃಹಿಣಿಯ ಪೇಚಾಟವನ್ನೂ ಬೆಳಗಿತು.

ಫಿಲ್ಮು ಉಳಿಯಿತು, ಉಳಿದದ್ದನ್ನು ಮತ್ತೆ ಮತ್ತೆ ತೋರಿಸಬಹುದಾಯಿತು, ಮಾರಬಹುದಾಯಿತು. ಆ ಗಳಿಕೆಯಿಂದ ದೇಸಿಲು ಸಂಸ್ಥೆ ಹಳೆಯ ಆರ್‌ಕೆಓ ಸ್ಟುಡಿಯೋಗಳನ್ನೇ ಕೊಂಡಿತು. 1960ರಲ್ಲಿ ದಂಪತಿಗಳು ಬೇರೆಯಾದರು. 1962ರಲ್ಲಿ ಲೂಸಿಲ್ ಪತಿಯ ಪಾಲನ್ನೂ ಕೊಂಡು ಸಂಸ್ಥೆಯ ಚುಕ್ಕಾಣಿ ಹಿಡಿದಳು. ಕೆಲವೇ ವರ್ಷಗಳಲ್ಲಿ ಜೀನ್ ರಾಡನ್‌ಬೆರಿ ಎಂಬ ಲೇಖಕ ತನ್ನ ಅಂತರಿಕ್ಷ ಕಥೆಯನ್ನು ಹೊತ್ತು ಬಂದ. ಅದೇ 'ಸ್ಟಾರ್ ಟ್ರೆಕ್'. ಎನ್‌ಬಿಸಿ ಸಂಸ್ಥೆ ಮೊದಲ ಮಾದರಿ ಕಂತನ್ನು ತಿರಸ್ಕರಿಸಿ ಎರಡನೆಯದನ್ನು ಕೇಳಿತು. ವೆಚ್ಚದ ಭಯದಿಂದ ಸಂಸ್ಥೆಯೊಳಗಿನವರೇ ಹಿಂಜರಿದಾಗ ಲೂಸಿಲ್ ಬೆಂಬಲವಾಗಿ ನಿಂತಳೆಂದು ಜತೆಯಲ್ಲಿ ದುಡಿದವರು ಹೇಳಿದ್ದಾರೆ. 1966ರ ಸೆಪ್ಟೆಂಬರ್‌ನಲ್ಲಿ ಮಾಲೆ ಪ್ರಸಾರವಾಯಿತು; ಮರುವರ್ಷವೇ ದೇಸಿಲು ಮಾರಾಟವಾಯಿತು; 79 ಕಂತುಗಳ ಅನಂತರ, 1969ರಲ್ಲಿ, ಮಾಲೆಯೂ ನಿಂತಿತು. ಆದರೆ ಮರುಪ್ರಸಾರ ಅದಕ್ಕೆ ಮರುಹುಟ್ಟು ನೀಡಿತು. ಹಾಸ್ಯಮಾಲೆ ಹಾಕಿಕೊಟ್ಟ ದಾರಿಯಲ್ಲೇ ನಕ್ಷತ್ರನೌಕೆಯೂ ನಡೆಯಿತೆನ್ನಬೇಕು.

ಇದಿಷ್ಟೂ ಹಣಕಾಸಿನ ಸಂಬಂಧವಾಯಿತು. ರಸಸಂಬಂಧ ಎಲ್ಲಿ ಎಂದು ತಾವು ಕೇಳಬಹುದು. 1967ರ ಒಂದು ಕಂತನ್ನು ನೋಡಿ. ಟ್ರಿಬಲ್ ಎಂಬ ಮುದ್ದು ತುಪ್ಪಳದ ಜೀವಿಗಳು ಅಂತರಿಕ್ಷ ನಿಲ್ದಾಣದಲ್ಲಿ ಮಿತಿಯಿಲ್ಲದೆ ಹೆಚ್ಚಿ ಕಣಜಕ್ಕೇ ನುಗ್ಗುತ್ತವೆ. ಕ್ಯಾಪ್ಟನ್ ಬಾಗಿಲು ತೆರೆದೊಡನೆ ರಾಶಿ ರಾಶಿಯಾಗಿ ತಲೆಯ ಮೇಲೆ ಸುರಿಯುತ್ತವೆ. ನಾವು ನಗುತ್ತೇವೆ. ನಗುತ್ತಿರುವಂತೆಯೇ, ಅವುಗಳಲ್ಲಿ ಅನೇಕವು ಸತ್ತಿವೆಯೆಂದು ತಿಳಿಯುತ್ತದೆ: ಧಾನ್ಯಕ್ಕೆ ವಿಷ ಬೆರೆತಿದೆ! ನಗೆಯ ಸರಕೇ ಇಲ್ಲಿ ಸಂಚನ್ನು ಬಯಲಿಗೆಳೆಯುವ ಸಾಕ್ಷಿ. ಅದನ್ನು ತೆಗೆದರೆ ಕಥೆಯೇ ನಿಲ್ಲದು.

1979ರ ಮೊದಲ ಸ್ಟಾರ್ ಟ್ರೆಕ್ ಚಲನಚಿತ್ರದಲ್ಲಿ ವೈಭವವಿದೆ, ಗಾಂಭೀರ್ಯವಿದೆ. ಆದರೆ ನಗೆ ವಿರಳ. ನನಗದು ದೇವರಿಲ್ಲದ ಉತ್ಸವದಂತೆ ಕಂಡಿತು. 1986ರ ನಾಲ್ಕನೆಯ ಚಿತ್ರದಲ್ಲಿ ಅದೇ ನಾವಿಕರು ಭೂಮಿಯಿಂದ ಅಳಿದುಹೋದ ತಿಮಿಂಗಿಲಗಳನ್ನು ಅರಸಿ ಇಪ್ಪತ್ತನೆಯ ಶತಮಾನದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಬರುತ್ತಾರೆ. ತಾರಾಲೋಕ ಸುತ್ತಿದ ಧೀರರು ಬಸ್ಸಿಗೆ ಚಿಲ್ಲರೆಯಿಲ್ಲದೆ ಕೆಳಗಿಳಿಯಬೇಕಾಗುತ್ತದೆ. ನಾವು ಅವರನ್ನು ಕಂಡು ನಗುತ್ತೇವೆ. ಮರುಕ್ಷಣವೇ, ಆ ಪ್ರಾಣಿಗಳನ್ನು ಅಳಿಸಿದವರು ನಾವೇ ಎಂಬ ಅರಿವಾಗಿ ನಗೆ ನಮ್ಮ ಕಡೆಗೇ ತಿರುಗುತ್ತದೆ. ವ್ಯಾಪಾರಕ್ಕಾಗಿ ತಿಮಿಂಗಿಲ ಬೇಟೆಯಾಡುವುದನ್ನು ತಡೆಯಲು 1982ರಲ್ಲಿ ಕೈಗೊಂಡ ಅಂತರರಾಷ್ಟ್ರೀಯ ನಿರ್ಣಯ ಜಾರಿಗೆ ಬರುತ್ತಿದ್ದ ಕಾಲವೂ ಅದೇ. ಉಪದೇಶ ಕೇಳಲು ಒಲ್ಲದ ಕಿವಿ ನಗೆಗೆ ತೆರೆದುಕೊಳ್ಳುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಅದ್ಭುತ ಮನುಷ್ಯನನ್ನು ಕಿರಿದಾಗಿಸಿ ತೋರಿಸುತ್ತದೆ. ಆ ಕಿರಿತನವನ್ನು ಸಹಿಸುವ ಬಲವನ್ನು ಹಾಸ್ಯ ಕೊಡುತ್ತದೆ. ವಿಜ್ಞಾನ ಕಥೆಯೆಂದರೆ ಮೂಗು ಮುರಿಯುವ ಮಿತ್ರರು ಸಿಕ್ಕಾಗ ನಾನು ವಾದಕ್ಕೆ ಇಳಿಯುವುದಿಲ್ಲ. ಟ್ರಿಬಲ್‌ಗಳ ಆ ಒಂದು ಕಂತನ್ನು ಮಾತ್ರ ನೋಡಿ ಬನ್ನಿ, ಆಮೇಲೆ ಮಾತಾಡೋಣ ಎನ್ನುತ್ತೇನೆ.