ವಿಶ್ವಸಂಸ್ಥೆಯ ನೌಕರರು: ಸಮಾಜ ವಿಜ್ಞಾನ ಪಾಠಕ್ಕೊಂದು ಪೂರಕ ಟಿಪ್ಪಣಿ

ವಿಶ್ವಸಂಸ್ಥೆಯ ಪಾಠ ಮುಗಿಸಿದ ಪ್ರೌಢಶಾಲೆಯ ಮಕ್ಕಳಿಗೆ ಅದರ ಆರು ಅಂಗಗಳು, ಭದ್ರತಾ ಮಂಡಳಿಯ ಐದು ಕಾಯಂ ಸದಸ್ಯ ರಾಷ್ಟ್ರಗಳು, ಯಾವ ಸಂಸ್ಥೆಯ ಕೇಂದ್ರ ಕಚೇರಿ ಎಲ್ಲಿದೆ ಎಂಬುದೆಲ್ಲ ಬಾಯಿಪಾಠವಾಗಿರುತ್ತದೆ. ಆದರೆ ಆ ಕಚೇರಿಗಳಲ್ಲಿ ದಿನಾ ಬಂದು ಕೆಲಸ ಮಾಡುವವರು ಯಾರು, ಅವರನ್ನು ನೇಮಿಸುವವರು ಯಾರು, ಅವರು ಯಾರ ಮಾತು ಕೇಳಬೇಕು ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತಶಾಸ್ತ್ರ. ಬೋಧನಾಭ್ಯಾಸದ ಶಾಲೆಯಲ್ಲಿ ವೃತ್ತಿ ಮಾರ್ಗದರ್ಶನದ ಎರಡು ಅವಧಿಗಳು ನನ್ನ ಪಾಲಿಗೆ ಬಂದವು. "ಮಿಸ್, ವಿಶ್ವಸಂಸ್ಥೇಲಿ ಕೆಲಸ ಸಿಗೋಕೆ ಐಎಎಸ್ ಪರೀಕ್ಷೆ ಬರೀಬೇಕಾ?" ಎಂದು ಒಬ್ಬಳು ಕೇಳಿದಳು. ಆ ಅವಧಿಗಳಿಗಾಗಿ ಕಲೆಹಾಕಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಬಿಡಿಸಬೇಕಾದ ಗಂಟು ಎಂದರೆ ಪ್ರತಿನಿಧಿ ಬೇರೆ, ನೌಕರ ಬೇರೆ ಎಂಬುದು. ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾವ್ ಅವರು 1950ರ ದಶಕದ ಆರಂಭದಲ್ಲಿ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. ಅಲ್ಲಿ ಅವರು ಆಡುತ್ತಿದ್ದುದು ಭಾರತ ಸರ್ಕಾರದ ಮಾತು. ಶಶಿ ತರೂರ್ 1978ರಿಂದ 2007ರವರೆಗೆ ಅದೇ ಸಂಸ್ಥೆಯಲ್ಲಿದ್ದರು, ಆದರೆ ನೌಕರರಾಗಿ. ಭಾರತೀಯರಾಗಿದ್ದರೂ ಕೆಲಸದ ವಿಷಯದಲ್ಲಿ ಭಾರತ ಸರ್ಕಾರದ ಸೂಚನೆ ಪಡೆಯುವ ಹಾಗಿರಲಿಲ್ಲ. ವಿಶ್ವಸಂಸ್ಥೆಯ ಸನ್ನದಿನ 100ನೇ ವಿಧಿ ಇದನ್ನೇ ಹೇಳುತ್ತದೆ: ಸಿಬ್ಬಂದಿ ಯಾವುದೇ ಸರ್ಕಾರದಿಂದ ಸೂಚನೆ ಕೇಳಬಾರದು, ಪಡೆಯಬಾರದು, ಸರ್ಕಾರಗಳೂ ಅವರ ಮೇಲೆ ಪ್ರಭಾವ ಬೀರಲು ಯತ್ನಿಸಬಾರದು. ಮೊದಲ ಮಹಾಯುದ್ಧದ ನಂತರ ರಾಷ್ಟ್ರಸಂಘದ ಮೊದಲ ಮಹಾಪ್ರಧಾನ ಕಾರ್ಯದರ್ಶಿ ಎರಿಕ್ ಡ್ರಮಂಡ್ ಇಂಥ ಸ್ವತಂತ್ರ ಸಚಿವಾಲಯವನ್ನು ಕಟ್ಟಿದರು. ಅದಕ್ಕೂ ಮುಂಚೆ ಅಂತಾರಾಷ್ಟ್ರೀಯ ಸಮ್ಮೇಳನಗಳ ಕೆಲಸವನ್ನು ಆಯಾ ದೇಶಗಳು ಕಳುಹಿಸಿದ ಗುಮಾಸ್ತರೇ ನಿಭಾಯಿಸುತ್ತಿದ್ದರು.

ಹಾಗಾಗಿ ಐಎಎಸ್ ಪರೀಕ್ಷೆಗೂ ಇದಕ್ಕೂ ಸಂಬಂಧವಿಲ್ಲ. ಸಚಿವಾಲಯಕ್ಕೆ ಯುವಕರು ಸೇರುವ ಒಂದು ದಾರಿ ಎಂದರೆ ಯುವ ವೃತ್ತಿಪರರ ಪರೀಕ್ಷೆ. ವಯಸ್ಸು 32 ದಾಟಿರಬಾರದು, ಪದವಿ ಇರಬೇಕು, ಇಂಗ್ಲಿಷ್ ಅಥವಾ ಫ್ರೆಂಚ್ ಚೆನ್ನಾಗಿ ಬರಬೇಕು. ಇದರ ಜೊತೆಗೆ ಅಭ್ಯರ್ಥಿಯ ದೇಶ ಆ ವರ್ಷದ ಪಟ್ಟಿಯಲ್ಲಿರಬೇಕು. ಸಿಬ್ಬಂದಿಯಲ್ಲಿ ಯಾವ ದೇಶದವರ ಸಂಖ್ಯೆ ಕಡಿಮೆ ಇದೆಯೋ ಅಂಥ ದೇಶಗಳನ್ನೇ ಕರೆಯುವುದರಿಂದ ಪಟ್ಟಿ ವರ್ಷ ವರ್ಷ ಬದಲಾಗುತ್ತದೆ. ಉಳಿದ ಹುದ್ದೆಗಳಿಗೆ ಪ್ರಕಟಣೆ ನೋಡಿ ನೇರವಾಗಿ ಅರ್ಜಿ ಹಾಕಬೇಕು; ಅವುಗಳಲ್ಲಿ ಬಹುಪಾಲು ವರ್ಷಗಳ ಅನುಭವ ಕೇಳುತ್ತವೆ. ಮಕ್ಕಳಿಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ. ನೇಮಕಾತಿಯ ಯಾವ ಹಂತದಲ್ಲೂ ವಿಶ್ವಸಂಸ್ಥೆ ಶುಲ್ಕ ಕೇಳುವುದಿಲ್ಲ. ಯಾರಾದರೂ ಹಣ ಕಟ್ಟಿ ಎಂದರೆ ಅದು ಮೋಸ.

ಸಂಬಳದ ವಿಷಯಕ್ಕೆ ಬಂದರೆ ಗಣಿತದವರಿಗೆ ಕೆಲಸ ಸಿಗುತ್ತದೆ. ವೃತ್ತಿಪರ ಶ್ರೇಣಿಯವರ, ಅಂದರೆ ಪಿ ಮತ್ತು ಡಿ ಶ್ರೇಣಿಗಳವರ ಸಂಬಳಕ್ಕೆ ನೋಬಲ್‌ಮೇರ್ ತತ್ವ ಎಂಬ ಆಧಾರವಿದೆ. 1921ರಲ್ಲಿ ರಾಷ್ಟ್ರಸಂಘದ ಸಮಿತಿಯೊಂದು ರೂಪಿಸಿದ ಈ ತತ್ವದ ಪ್ರಕಾರ, ಅತಿ ಹೆಚ್ಚು ಸಂಬಳ ಕೊಡುವ ದೇಶದ ಸರ್ಕಾರಿ ನೌಕರರನ್ನೂ ಸೆಳೆಯುವಷ್ಟು ಸಂಬಳ ಇಲ್ಲಿರಬೇಕು. ಈಗ ಹೋಲಿಕೆಗೆ ಇಟ್ಟುಕೊಂಡಿರುವುದು ಅಮೆರಿಕದ ಕೇಂದ್ರ ಸರ್ಕಾರಿ ಸೇವೆಯನ್ನು. ಮೂಲ ಸಂಬಳ ಎಲ್ಲ ಊರಿಗೂ ಒಂದೇ. ಅದರ ಮೇಲೆ ಆಯಾ ಊರಿನ ಜೀವನವೆಚ್ಚಕ್ಕೆ ತಕ್ಕ ಹೊಂದಾಣಿಕೆ ಭತ್ಯೆಯನ್ನು ಒಂದು ಗುಣಕದ ಮೂಲಕ ಸೇರಿಸುತ್ತಾರೆ.

ತರಗತಿಗೆಂದು ನಾನೇ ಇಟ್ಟುಕೊಂಡ ಅಂಕಿಗಳು ಇವು: ಮೂಲ ಸಂಬಳ ವರ್ಷಕ್ಕೆ 60,000 ಡಾಲರ್. ಒಂದು ಊರಿನ ಗುಣಕ 80, ಇನ್ನೊಂದರದು 30. ಮೊದಲ ಊರಿನಲ್ಲಿ ಭತ್ಯೆ 48,000, ಒಟ್ಟು 1,08,000. ಎರಡನೆಯದರಲ್ಲಿ ಭತ್ಯೆ 18,000, ಒಟ್ಟು 78,000. ಲೆಕ್ಕ ಮಾಡಿದ ಕೂಡಲೇ ಹಿಂದಿನ ಬೆಂಚಿನಿಂದ "ಒಂದೇ ಕೆಲಸಕ್ಕೆ ಬೇರೆ ಬೇರೆ ಸಂಬಳ ಯಾಕೆ?" ಎಂದು ಕೇಳಿಬಂತು. ಬೆಂಗಳೂರಿನ ಸರ್ಕಾರಿ ನೌಕರರಿಗೂ ಹಳ್ಳಿಯವರಿಗೂ ಮನೆ ಬಾಡಿಗೆ ಭತ್ಯೆ ಒಂದೇ ಅಲ್ಲ ಎಂದರೆ ಅರ್ಥವಾಗುತ್ತದೆ. ಎರಡು ಊರಿನಲ್ಲೂ ಆ ಹಣಕ್ಕೆ ಸುಮಾರು ಅಷ್ಟೇ ಸಾಮಾನು ಸಿಗಲಿ ಎಂಬುದೇ ಲೆಕ್ಕದ ಉದ್ದೇಶ. ಶೇಕಡಾವಾರು ಪಾಠಕ್ಕೆ ಬಡ್ಡಿ, ಲಾಭ-ನಷ್ಟಗಳಿಗಿಂತ ಇದು ಹೆಚ್ಚು ಚರ್ಚೆ ಹುಟ್ಟಿಸಿತು.

ಒಂದೇ ಊರಿನಲ್ಲಿ ಎರಡು ಗುಣಕ ಬಂದ ನಿಜ ಪ್ರಸಂಗವೂ ಇದೆ. ಸಂಬಳದ ಲೆಕ್ಕಗಳನ್ನು ನೋಡಿಕೊಳ್ಳುವ ಅಂತಾರಾಷ್ಟ್ರೀಯ ನಾಗರಿಕ ಸೇವಾ ಆಯೋಗ 2017ರಲ್ಲಿ ಜಿನೀವಾದ ಭತ್ಯೆಗೆ ಕತ್ತರಿ ಹಾಕಿತು. ನೌಕರರು ದೂರು ಕೊಟ್ಟರು. ಕಾರ್ಮಿಕ ಸಂಸ್ಥೆಯ ಆಡಳಿತ ನ್ಯಾಯಮಂಡಳಿ 2019ರಲ್ಲಿ, ಹಾಗೆ ನಿರ್ಧರಿಸುವ ಅಧಿಕಾರ ಆಯೋಗಕ್ಕಿಲ್ಲ ಎಂದಿತು. ವಿಶ್ವಸಂಸ್ಥೆಯ ಮೇಲ್ಮನವಿ ನ್ಯಾಯಮಂಡಳಿ 2021ರಲ್ಲಿ ಅದೇ ಕಡಿತವನ್ನು ಎತ್ತಿಹಿಡಿಯಿತು. ಪರಿಣಾಮವಾಗಿ ಅದೇ ಊರಿನಲ್ಲಿ ಕಾರ್ಮಿಕ ಸಂಸ್ಥೆ, ಆರೋಗ್ಯ ಸಂಸ್ಥೆಗಳ ನೌಕರರಿಗೆ ಒಂದು ಲೆಕ್ಕ, ವಿಶ್ವಸಂಸ್ಥೆಯ ಸಚಿವಾಲಯದವರಿಗೆ ಇನ್ನೊಂದು.

ಸಂಬಳಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಏಕೆ? ನನ್ನ ಮಟ್ಟಿಗೆ ಪಾಠದ ತಿರುಳೇ ಇಲ್ಲಿದೆ. ಕೆಲಸ ಹೋದೀತೆಂಬ ಭಯವಿದ್ದರೆ, ಸಂಬಳಕ್ಕೆ ತನ್ನ ಸರ್ಕಾರದ ಕೈ ನೋಡಬೇಕಾಗಿದ್ದರೆ 100ನೇ ವಿಧಿಯನ್ನು ಪಾಲಿಸುವವರು ಯಾರು? ಇದು ಬರೀ ಊಹೆಯಲ್ಲ. 1950ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಕಮ್ಯುನಿಸ್ಟರನ್ನು ಹುಡುಕಿ ಹೊರಹಾಕುವ ಅಬ್ಬರವಿತ್ತು. ಅಲ್ಲಿನ ಸೆನೆಟ್ ಸಮಿತಿಯ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪದ ಅಮೆರಿಕನ್ ನೌಕರರನ್ನು ಮಹಾಪ್ರಧಾನ ಕಾರ್ಯದರ್ಶಿ ಟ್ರಿಗ್ವೆ ಲೀ ಕೆಲಸದಿಂದ ತೆಗೆದರು. ವಿಶ್ವಸಂಸ್ಥೆಯ ಆಡಳಿತ ನ್ಯಾಯಮಂಡಳಿ 11 ಮಂದಿಗೆ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಅಮೆರಿಕ ಆಕ್ಷೇಪಿಸಿತು. ವಿಷಯ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ಮುಂದೆ ಹೋಯಿತು. ಆ ಪರಿಹಾರ ಕೊಡುವುದಿಲ್ಲ ಎನ್ನಲು ಸಾಮಾನ್ಯ ಸಭೆಗೆ ಹಕ್ಕಿಲ್ಲ ಎಂದು ನ್ಯಾಯಾಲಯ 1954ರಲ್ಲಿ ಅಭಿಪ್ರಾಯ ಕೊಟ್ಟಿತು. ಈ ಸಂಸ್ಥೆಗಳ ಮೇಲೆ ಯಾವ ದೇಶದ ಕೋರ್ಟಿನಲ್ಲೂ ಸಾಮಾನ್ಯವಾಗಿ ದಾವೆ ಹೂಡಲು ಆಗುವುದಿಲ್ಲ, ಅವುಗಳಿಗೆ ವಿನಾಯಿತಿ ಇದೆ. ಹಾಗಾಗಿ ನೌಕರರಿಗೆ ಒಳಗಿನ ನ್ಯಾಯಮಂಡಳಿಯೇ ದಿಕ್ಕು.

ಮಿಕ್ಕ ಷರತ್ತುಗಳನ್ನು ಚುಟುಕಾಗಿ ಹೇಳುತ್ತೇನೆ. ಅವಧಿ ನೇಮಕಾತಿ ಸಾಮಾನ್ಯವಾಗಿ ಒಂದರಿಂದ ಐದು ವರ್ಷ. ನವೀಕರಣದ ಭರವಸೆ ಇಲ್ಲ. ಊರುಗಳನ್ನು ಕಷ್ಟದ ಮಟ್ಟಕ್ಕೆ ತಕ್ಕಂತೆ ಎ ಇಂದ ಇ ವರೆಗೆ ವಿಂಗಡಿಸಿದ್ದಾರೆ. ಅಪಾಯದ ಊರುಗಳಿಗೆ ಹೆಂಡತಿ-ಮಕ್ಕಳನ್ನು ಕರೆದೊಯ್ಯುವಂತಿಲ್ಲ. 2003ರ ಆಗಸ್ಟ್ 19ರಂದು ಬಾಗ್ದಾದ್ ಕಚೇರಿಯ ಮೇಲಿನ ಬಾಂಬ್ ದಾಳಿಯಲ್ಲಿ ಸೆರ್ಜಿಯೊ ವಿಯೆರಾ ಡಿ ಮೆಲ್ಲೊ ಸೇರಿ 22 ಜನ ಸತ್ತರು. ಸಚಿವಾಲಯದ ಇಂಟರ್ನ್‌ಗಳಿಗೆ ಸಂಬಳವಿಲ್ಲ. ನ್ಯೂಯಾರ್ಕ್, ಜಿನೀವಾಗಳಲ್ಲಿ ಸ್ವಂತ ದುಡ್ಡಿನಿಂದ ಇರಬಲ್ಲವರಿಗೇ ಅದು ಎಟಕುವುದು. ಸಮಾನ ಅವಕಾಶದ ಬಗ್ಗೆ ಜಗತ್ತಿಗೆ ಹೇಳುವ ಸಂಸ್ಥೆಗೆ ಇದು ಒಪ್ಪುವ ಮಾತಲ್ಲ. ದೇಶ ಬಿಟ್ಟು ದುಡಿಯುವವರ ಮಕ್ಕಳ ಓದಿಗೆ ಅನುದಾನ ಸಿಗುತ್ತದೆ. ಇದರ ಹಿಂದೆ ನಮ್ಮ ಕ್ಷೇತ್ರದ ಇತಿಹಾಸವೂ ಇದೆ: 1924ರಲ್ಲಿ ರಾಷ್ಟ್ರಸಂಘ ಮತ್ತು ಕಾರ್ಮಿಕ ಸಂಸ್ಥೆಯ ಅಧಿಕಾರಿಗಳು ತಮ್ಮ ಮಕ್ಕಳಿಗಾಗಿ ಜಿನೀವಾದಲ್ಲಿ ಶಾಲೆ ತೆರೆದರು. ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಈಗ ಕಾಣುವ ಐಬಿ ಪಠ್ಯಕ್ರಮ 1968ರಲ್ಲಿ ರೂಪುಗೊಂಡದ್ದರಲ್ಲಿ ಆ ಶಾಲೆಯ ಶಿಕ್ಷಕರ ಪಾತ್ರ ದೊಡ್ಡದು.

ಇಷ್ಟು ಕೇಳಿದ ಮೇಲೆ ಮಕ್ಕಳ ಕಣ್ಣ ಮುಂದೆ ಬರುವುದು ಸೂಟು ಹಾಕಿಕೊಂಡ ಅಧಿಕಾರಿ. ಆದರೆ ವಿಶ್ವಸಂಸ್ಥೆಯ ಹೆಸರಿನಲ್ಲಿ ದುಡಿಯುವವರಲ್ಲಿ ಒಂದು ದೊಡ್ಡ ಗುಂಪು ಶಾಲಾ ಶಿಕ್ಷಕರದು. ಪ್ಯಾಲೆಸ್ತೀನ್ ನಿರಾಶ್ರಿತರಿಗಾಗಿ 1949ರಲ್ಲಿ ಸ್ಥಾಪನೆಯಾಗಿ 1950ರಲ್ಲಿ ಕೆಲಸ ಆರಂಭಿಸಿದ ಯುಎನ್‌ಆರ್‌ಡಬ್ಲ್ಯೂಎ ಸಂಸ್ಥೆಯಲ್ಲಿ ಸುಮಾರು 30,000 ನೌಕರರಿದ್ದರು. ಬಹುತೇಕ ಎಲ್ಲರೂ ಸ್ವತಃ ನಿರಾಶ್ರಿತರು, ಅವರಲ್ಲಿ ಹೆಚ್ಚಿನವರು ಶಿಕ್ಷಣ ವಿಭಾಗದವರು. ಜೋರ್ಡಾನ್, ಲೆಬನಾನ್, ಸಿರಿಯಾ, ಪಶ್ಚಿಮ ದಂಡೆ, ಗಾಜಾಗಳಲ್ಲಿ ಸುಮಾರು 700 ಶಾಲೆಗಳು, ಐದು ಲಕ್ಷಕ್ಕೂ ಹೆಚ್ಚು ಮಕ್ಕಳು. ಎಷ್ಟೋ ಶಾಲೆಗಳು ಒಂದೇ ಕಟ್ಟಡದಲ್ಲಿ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಎಂದು ಎರಡು ಪಾಳಿಯಲ್ಲಿ ನಡೆಯುತ್ತಿದ್ದವು. ಪಾಠ ಮಾಡುವುದು ಆಯಾ ದೇಶದ ಪಠ್ಯಪುಸ್ತಕದಿಂದಲೇ.

ಈ ಶಿಕ್ಷಕರಿಗೂ ತಟಸ್ಥತೆಯ ನಿಯಮವಿದೆ. ಆದರೆ ನೋಬಲ್‌ಮೇರ್ ತತ್ವವಿಲ್ಲ. ಅವರ ಸಂಬಳವನ್ನು ಹೋಲಿಸುವುದು ಅಲ್ಲಿನ ಸರ್ಕಾರಿ ಶಿಕ್ಷಕರ ಸಂಬಳಕ್ಕೆ. ಸಂಸ್ಥೆ ನಡೆಯುವುದು ಬಹುಮಟ್ಟಿಗೆ ದೇಶಗಳು ಸ್ವಇಚ್ಛೆಯಿಂದ ಕೊಡುವ ಹಣದಿಂದ; ಭಾರತವೂ ಕೊಡುತ್ತದೆ. ಹಣ ಬರುವುದು ತಡವಾದರೆ ಸಂಬಳಕ್ಕೇ ಕುತ್ತು. 2023ರಲ್ಲಿ ಪಶ್ಚಿಮ ದಂಡೆಯ ನೌಕರರು ಸಂಬಳಕ್ಕಾಗಿ ತಿಂಗಳುಗಟ್ಟಲೆ ಮುಷ್ಕರ ಹೂಡಿದ್ದರು, ಶಾಲೆಗಳು ಮುಚ್ಚಿದ್ದವು. ಅದೇ ವರ್ಷ ಅಕ್ಟೋಬರ್ 7ರ ದಾಳಿಯಲ್ಲಿ ಕೆಲವು ನೌಕರರ ಕೈವಾಡವಿದೆ ಎಂದು ಇಸ್ರೇಲ್ ಆರೋಪಿಸಿತು. ಹಲವು ದೇಶಗಳು ಹಣ ತಡೆಹಿಡಿದವು. ಒಳತನಿಖೆಯಲ್ಲಿ ಒಂಬತ್ತು ಮಂದಿ ಭಾಗಿಯಾಗಿದ್ದಿರಬಹುದು ಎಂದು ಕಂಡುಬಂದಾಗ ಅವರ ನೇಮಕಾತಿ ಕೊನೆಗೊಂಡಿತು. ಆನಂತರದ ಯುದ್ಧದಲ್ಲಿ ಗಾಜಾದಲ್ಲಿ ಸಂಸ್ಥೆಯ 300ಕ್ಕೂ ಹೆಚ್ಚು ನೌಕರರು ಸತ್ತಿದ್ದಾರೆ. ಹೊರದೇಶದಿಂದ ಬಂದ ನೌಕರರನ್ನು ಅಪಾಯದ ಊರಿನಿಂದ ಬೇರೆಡೆಗೆ ಕಳುಹಿಸಬಹುದು. ಅಲ್ಲೇ ಹುಟ್ಟಿ ಬೆಳೆದ ಶಿಕ್ಷಕರಿಗೆ ಹೋಗಲು ಬೇರೆ ಊರಿಲ್ಲ.

ಈ ಭಾಗವನ್ನು ತರಗತಿಯಲ್ಲಿ ಹೇಗೆ ಎತ್ತಿಕೊಳ್ಳಬೇಕೆಂದು ಮಾರ್ಗದರ್ಶಕ ಶಿಕ್ಷಕರ ಜೊತೆ ಮಾತಾಡಿದೆ. ಯುದ್ಧದ ಸರಿ-ತಪ್ಪುಗಳಿಗೆ ಹೋಗದೆ ನೌಕರರ ಷರತ್ತುಗಳಿಗೆ ಸೀಮಿತವಾಗಿರಿ ಎಂದು ಅವರು ಸಲಹೆ ಕೊಟ್ಟರು. ಅದರಂತೆ ಮೊದಲ ಅವಧಿಗೆ ಪ್ರತಿನಿಧಿ-ನೌಕರ ವ್ಯತ್ಯಾಸ, ನೇಮಕಾತಿ ಮತ್ತು ಗುಣಕದ ಲೆಕ್ಕ ಇಟ್ಟುಕೊಂಡೆ. ಎರಡನೆಯದರಲ್ಲಿ ಕಪ್ಪುಹಲಗೆಯನ್ನು ಎರಡು ಭಾಗ ಮಾಡಿ ಒಂದು ಕಡೆ ಜಿನೀವಾದ ಅಧಿಕಾರಿ, ಇನ್ನೊಂದು ಕಡೆ ಗಾಜಾದ ಗಣಿತ ಶಿಕ್ಷಕಿ ಎಂದು ಬರೆದೆ. ಸಂಬಳದ ಆಧಾರ, ಹಣದ ಮೂಲ, ಅಪಾಯ ಬಂದಾಗಿನ ದಾರಿ, ಪಾಲಿಸಬೇಕಾದ ನಿಯಮ, ಈ ನಾಲ್ಕನ್ನು ಮಕ್ಕಳೇ ತುಂಬಿದರು. ಕೊನೆಯ ಸಾಲಿನಲ್ಲಿ ಮಾತ್ರ ಎರಡೂ ಕಡೆ ಒಂದೇ ಉತ್ತರ ಬಂತು. ಅದರ ಮೇಲಿನ ಚರ್ಚೆಗೆ ಹದಿನೈದು ನಿಮಿಷ ಸಾಲಲಿಲ್ಲ. ಈ ಪಾಠ ಯೋಜನೆಯನ್ನು ಬಳಸುವವರು ಎರಡನೆಯ ಅವಧಿಯಲ್ಲಿ ಚರ್ಚೆಗೆ ಕನಿಷ್ಠ ಇಪ್ಪತ್ತೈದು ನಿಮಿಷ ಇಟ್ಟುಕೊಳ್ಳುವುದು ಒಳ್ಳೆಯದು.