ಡಿಕ್ಕಿಯಲ್ಲಿ ಕರಗಿದ ಬೆಣ್ಣೆ

ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಿಂದ ಒಳಕ್ಕೆ ಸರಿದ ಗಲ್ಲಿ. ಬೇವಿನ ಮರದ ಕೆಳಗೆ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರೊಂದು ಬಾನೆಟ್ ಬಿಚ್ಚಿ ನಿಂತಿತ್ತು. ಬೇರೆ ಕಾರುಗಳ ಹಾಗೆ ಇದರ ಬಾನೆಟ್ಟು ಬರೀ ಮೇಲಕ್ಕೇಳುವುದಿಲ್ಲ. ಎರಡೂ ಮಡ್‌ಗಾರ್ಡುಗಳ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತದೆ. ಶಾಲೆ ಬಿಟ್ಟ ಹುಡುಗರು ಅದನ್ನು ನೋಡಲೆಂದೇ ಸೈಕಲ್ಲು ನಿಲ್ಲಿಸಿದ್ದರು. ಆದರೆ ಗ್ಯಾರೇಜಿನ ಮೇಸ್ತ್ರಿಯ ಗಮನ ಮೂತಿಯ ಕಡೆ ಇರಲಿಲ್ಲ. ಹಿಂದೆ ಹೋಗಿ ಡಿಕ್ಕಿಯೊಳಗೆ ಅಂಗೈ ಇಟ್ಟವರು ತಟ್ಟನೆ ಎಳೆದುಕೊಂಡರು.

“ಇದು ಡಿಕ್ಕಿ ಅಲ್ರೀ ಸರ, ಮಂಡಕ್ಕಿ ಭಟ್ಟಿ ಆಗೇತಿ.”

ಕಾರಿನ ಯಜಮಾನರು ನಿವೃತ್ತ ಮೇಷ್ಟ್ರು. ವಾರಕ್ಕೊಮ್ಮೆ ಹರಿಹರದ ಮಗಳ ಮನೆಗೆ ಬೆಣ್ಣೆ ಒಯ್ಯುವುದು ಅವರ ರೂಢಿ. ಹದಿನಾಲ್ಕು ಕಿಲೋಮೀಟರ್ ದಾರಿ, ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಹಿಂದಿನ ವಾರ ಮಗಳ ಮನೆ ಮುಂದೆ ಡಿಕ್ಕಿ ತೆರೆದರೆ ಬೆಣ್ಣೆ ಎಣ್ಣೆಯಾಗಿ ಚೀಲ ನೆನೆದು ಹಾಸು ತೊಯ್ದಿತ್ತು. ಬಟ್ಟೆಯ ಗಂಟಿಗೆಲ್ಲ ಸೈಲೆನ್ಸರ್ ಹೊಗೆಯ ವಾಸನೆ. ಶಿವರಾತ್ರಿ ಆಗಷ್ಟೇ ಮುಗಿದಿತ್ತು, ಬಿಸಿಲಿನ್ನೂ ಬಲಿತಿರಲಿಲ್ಲ.

ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂದು ಬಂದ ಈ ಕಾರನ್ನು ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ನಮ್ಮಲ್ಲೇ ತಯಾರಿಸಿತು. ಎಂಜಿನ್ನು 948 ಸಿಸಿ. ರೂಪ ಕೊಟ್ಟವರು ಇಟಲಿಯ ಜಿಯೋವಾನ್ನಿ ಮಿಕೆಲೊಟ್ಟಿ. ಇದರ ಚಾಸಿಯನ್ನೇ ಗಿಡ್ಡ ಮಾಡಿ, ಅವರದೇ ವಿನ್ಯಾಸದಲ್ಲಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಹೊರಬಂತು. ನಮ್ಮ ಊರುಗಳಿಗೆ ಆ ಸ್ಪೋರ್ಟ್ಸ್ ಕಾರು ಬರಲಿಲ್ಲ, ಅದರ ಅಣ್ಣ ಬಂದ. ಅಣ್ಣನಲ್ಲೂ ಆ ಚುರುಕು ಇದೆ: 25 ಅಡಿ ಜಾಗ ಸಿಕ್ಕರೆ ಸಾಕು, ಹೆರಾಲ್ಡ್ ಪೂರ್ತಿ ಒಂದು ಸುತ್ತು ತಿರುಗುತ್ತದೆ. ಮಂಡಿಪೇಟೆಯ ಲಾರಿಗಳ ನಡುವೆ ಮೇಷ್ಟ್ರು ಅದನ್ನು ಹೊರಳಿಸುವುದನ್ನು ನೋಡಿದವರಿಗೆ ಈ ಮಾತು ಗೊತ್ತು.

ಮೇಸ್ತ್ರಿ ಕಾರಿನಡಿ ನುಸುಳಿದರು. ಮೂಲ ಸೈಲೆನ್ಸರ್ ಎಂದೋ ತುಕ್ಕು ತಿಂದು ಹೋಗಿತ್ತು. ನಡುವೆ ಯಾರೋ ಯಾವುದೋ ದೊಡ್ಡ ಗಾಡಿಯ ಸೈಲೆನ್ಸರ್ ತಂದು ಬೆಸುಗೆ ಹಾಕಿದ್ದರು. ಅದಕ್ಕೂ ಡಿಕ್ಕಿಯ ನೆಲಕ್ಕೂ ಒಂದು ಬೆರಳಿನಷ್ಟು ಅಂತರ. ಹೆರಾಲ್ಡಿನ ಪೆಟ್ರೋಲ್ ಟ್ಯಾಂಕು ಇರುವುದೂ ಡಿಕ್ಕಿಯ ಒಂದು ಪಕ್ಕದಲ್ಲೇ. ಬೆಣ್ಣೆ ಕರಗಿದ್ದು ಒಳ್ಳೆಯದೇ ಆಯಿತು ಎಂದು ನನಗೆ ಅನ್ನಿಸಿದ್ದು ಆಗ. ಮೂವತ್ತೆರಡೋ ಮೂವತ್ಮೂರೋ ಡಿಗ್ರಿಗೇ ಕರಗತೊಡಗುವ ಬೆಣ್ಣೆ, ಪೆಟ್ರೋಲ್ ಪಕ್ಕದಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಮೊದಲೇ ಹೇಳಿಬಿಟ್ಟಿತು.

“ಸುತ್ತಾಕ ಒಂದು ಟೇಪು ಬರ್ತದಂತಲ್ಲಪ್ಪ, ಪೈಪಿಗೆ?” ಮೇಷ್ಟ್ರು ಕೇಳಿದರು.

“ಬ್ಯಾಡ್ರಿ ಸರ. ಮಳಿ ನೀರು ಕುಡಿದು ಕುಂದರ್ತದ. ಒಳಗ ಪೈಪು ತುಕ್ಕು ಹಿಡೀತದ, ಹೊರಗ ಗೊತ್ತಾಗಂಗಿಲ್ಲ.” ಹಿಂದಿನವರು ಸುತ್ತುತ್ತಿದ್ದ ಕಲ್ನಾರಿನ ಹಗ್ಗವನ್ನಂತೂ ಅವರು ಗ್ಯಾರೇಜಿಗೇ ತರುವುದಿಲ್ಲ. ಅದರ ಎಳೆ ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶವನ್ನೇ ಕೆಡಿಸುತ್ತದೆ.

ಆಮೇಲೆ ಅವರು ಹೇಳಿದ ಮಾತು ನನಗೆ ಯಾವ ಭೌತಶಾಸ್ತ್ರದ ಪಾಠಕ್ಕಿಂತಲೂ ಚೆನ್ನಾಗಿ ಅರ್ಥವಾಯಿತು. ಮಂಡಕ್ಕಿ ಭಟ್ಟಿಯ ಬಾಯಿಗೆ ಎದುರು ನಿಂತರೆ ಮುಖ ಸುಡುತ್ತದೆ. ಮುಖದ ಮುಂದೆ ಒಂದು ಮೊರ ಹಿಡಿಯಿರಿ, ಆ ಕ್ಷಣಕ್ಕೇ ಸುಡುವುದು ನಿಲ್ಲುತ್ತದೆ. ಭಟ್ಟಿಯೂ ಅಲ್ಲೇ ಇದೆ, ಗಾಳಿಯೂ ಅದೇ ಇದೆ. ಮುಖಕ್ಕೆ ಬಡಿಯುತ್ತಿದ್ದದ್ದು ಬೆಂಕಿಯಿಂದ ನೇರ ಹಾರಿಬರುವ ಝಳ. ಸೈಲೆನ್ಸರಿನಿಂದ ಡಿಕ್ಕಿಯ ನೆಲಕ್ಕೆ ಏರುವುದರಲ್ಲೂ ದೊಡ್ಡ ಪಾಲು ಅದೇ. ಅದಕ್ಕೆ ಬೇಕಾದದ್ದು ದಪ್ಪ ಕಂಬಳಿಯಲ್ಲ, ಅಡ್ಡ ಹಿಡಿಯುವ ಮೊರ. ಹೊಳೆಯುವ ಅಲ್ಯುಮಿನಿಯಂ ತಗಡಾದರೆ ಬಂದ ಝಳದಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ತಿರುಗಿಸಿ ಕಳಿಸುತ್ತದೆ. ಆದರೆ ತಗಡು ನೆಲಕ್ಕೆ ಅಂಟಿಕೊಂಡಿರಬಾರದು. ನಡುವೆ ಅರ್ಧ ಇಂಚು ಬಿಟ್ಟು, ಹಿಂದೂ ಮುಂದೂ ಬಾಯಿ ತೆರೆದಿಡಬೇಕು. ಕಾರು ಓಡುವಾಗ ಆ ಸಂದಿಯಲ್ಲಿ ಗಾಳಿ ಹರಿದು ಉಳಿದ ಬಿಸಿಯನ್ನು ಹೊತ್ತೊಯ್ಯುತ್ತದೆ.

ಅದಕ್ಕೆ ಮೊದಲು ಹೊಗೆಯ ವಿಚಾರ. ಎಂಜಿನ್ ಚಾಲೂ ಮಾಡಿ, ಸೈಲೆನ್ಸರಿನ ಬಾಯಿಗೆ ಒದ್ದೆ ಗೋಣಿ ಒತ್ತಿ ಹಿಡಿದರು. ಜೋಡಣೆಯೊಂದರಲ್ಲಿ ‘ಬುಸ್’ ಎಂದಿತು. ಅಲ್ಲಿ ಹೊಸ ಗ್ಯಾಸ್ಕೆಟ್ ಕೂತಿತು. ಟೈಮಿಂಗ್ ಕೂಡ ಹಿಂದೆ ಬಿದ್ದಿತ್ತು. ಕಿಡಿ ತಡವಾದರೆ ಪೆಟ್ರೋಲ್ ತಡವಾಗಿ ಉರಿದು, ಬಿಸಿಯೆಲ್ಲ ಪೈಪಿನ ಪಾಲಾಗುತ್ತದೆ. ಅದನ್ನೂ ಸರಿ ಮಾಡಿದರು.

ಕತ್ತಲಾದ ಮೇಲೆ ನಡೆದದ್ದು ನನ್ನ ಕಣ್ಣಲ್ಲಿ ಉಳಿದಿದೆ. ಸ್ಟೆಪ್ನಿ, ಹಾಸು ಎಲ್ಲ ತೆಗೆದು, ಖಾಲಿ ಡಿಕ್ಕಿಯೊಳಗೆ ಒಂದು ಎಲ್‌ಇಡಿ ದೀಪ ಇಟ್ಟು ಬಾಗಿಲು ಮುಚ್ಚಿದರು. ಗ್ಯಾರೇಜಿನ ದೀಪ ಆರಿಸಿ ನಾವು ಮೂವರೂ ನೆಲಕ್ಕೆ ಬಾಗಿದೆವು. ಕಾರಿನಡಿಯ ಕತ್ತಲಲ್ಲಿ ಚುಕ್ಕಿಗಳು ಮೂಡಿದವು. ನಂಬರ್ ಪ್ಲೇಟ್ ದೀಪದ ವೈರು ಹೋಗುವ ತೂತಿನಲ್ಲಿ ಒಂದು, ಬೋಲ್ಟು ಕಳಚಿದ ಜಾಗದಲ್ಲಿ ಎರಡು, ಹಿಂದೀಪದ ರಬ್ಬರು ಒಣಗಿದ ಕಡೆ ಒಂದು ಗೆರೆ. ಬೆಳಕು ಹೊರಗೆ ಬರುವ ದಾರಿಯೇ ಹೊಗೆ ಒಳಗೆ ಹೋಗುವ ದಾರಿ. ಓಡುವ ಕಾರಿನ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಸೈಲೆನ್ಸರ್ ಹೊಗೆ ಅಲ್ಲೇ ಸುಳಿದಾಡಿ ಸಿಕ್ಕ ಸಂದಿಯಲ್ಲಿ ಒಳ ನುಗ್ಗುತ್ತದೆ. ಡಿಕ್ಕಿಯಿಂದ ಹಿಂದಿನ ಸೀಟಿಗೆ ದೂರವೆಷ್ಟು? ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ನಿದ್ದೆಯ ಹಾಗೆ ಬಂದು ಜೀವ ತೆಗೆಯುತ್ತದೆ. ನಿಮ್ಮ ಹಳೆಯ ಕಾರಿನ ಡಿಕ್ಕಿಯಲ್ಲಿ ಹೊಗೆ ನಾತ ಬಂದರೆ, ದಯವಿಟ್ಟು ಅಗರಬತ್ತಿ, ಸೆಂಟು ಎಂದು ಹೋಗಬೇಡಿ. ಕಿಟಕಿ ಇಳಿಸಿ, ಅದೇ ದಿನ ಮೆಕ್ಯಾನಿಕ್ ಹತ್ತಿರ ಹೋಗಿ.

ತಗಡನ್ನು ನೆಲದಿಂದ ಅರ್ಧ ಇಂಚು ದೂರ ನಿಲ್ಲಿಸಲು ಪುಟ್ಟ ಬುಷ್‌ಗಳು ಬೇಕಿದ್ದವು. ಅದಕ್ಕಾಗಿ ಮಾರನೆಯ ದಿನ ಮೇಸ್ತ್ರಿಯ ಬೈಕಿನಲ್ಲಿ ಹರಿಹರಕ್ಕೆ ಹೊರಟೆವು. ದೊಡ್ಡಬಾತಿ ದಾಟಿ ಊರು ಹೊಕ್ಕರೆ, ಒಂದೇ ಬಾಗಿಲಿನ ವರ್ಕ್‌ಶಾಪಿನಲ್ಲಿ ಅಜ್ಜನೊಬ್ಬ ಲೇತಿಗೆ ಎಣ್ಣೆ ಬಿಡುತ್ತಿದ್ದ. 1941ರಲ್ಲಿ ಇಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವನು. ನಾಡಿನ ಎಷ್ಟೋ ಪಾಲಿಟೆಕ್ನಿಕ್ಕುಗಳಲ್ಲಿ ಹುಡುಗರು ಕೈ ಪಳಗಿಸಿದ್ದು ಹರಿಹರದ ಲೇತುಗಳ ಮೇಲೆ. ಕಾರ್ಖಾನೆ ಮುಚ್ಚಿ ಎರಡು ದಶಕ ಕಳೆದಿದೆ. ಅಜ್ಜನ ಮುಂದೆ ಇದ್ದದ್ದೂ ಅಲ್ಲಿಯದೇ ಎಂಟರ್‌ಪ್ರೈಸ್ ಲೇತು.

“ಅಲ್ಯುಮಿನಿಯಂದಾಗ ಮಾಡೋಣೇನಜ್ಜ, ಲಗೂ ಆಗ್ತದ” ಎಂದರು ಮೇಸ್ತ್ರಿ.

“ಲಗೂ ಆಗ್ತದ, ಶಾಖಾನೂ ಲಗೂ ಏರಿಸ್ತದ. ಸ್ಟೀಲು ತಗೋ, ತಮ್ಮಾ.”

ಅಲ್ಯುಮಿನಿಯಂ ಬಿಸಿಯನ್ನು ಬಹು ಬೇಗ ಸಾಗಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲು ಸಾಗಿಸುವುದು ಅದರ ಹತ್ತರಲ್ಲೊಂದು ಪಾಲಿಗೂ ಕಡಿಮೆ. ತಗಡು ತಡೆದ ಬಿಸಿ ಕಾಲುಗಳ ಮೂಲಕ ಹತ್ತಿಬಿಟ್ಟರೆ ಮಾಡಿದ್ದೆಲ್ಲ ದಂಡ. ಅಜ್ಜ ಸ್ಟೇನ್‌ಲೆಸ್ ಸರಳನ್ನು ಚಕ್ಕಿಗೆ ಕಟ್ಟಿ ಕೊರೆಯತೊಡಗಿದ. ಈ ಲೋಹದ ಗುಣ ಬೇರೆ. ಕೈ ಅನುಮಾನಿಸಿ ಉಳಿ ಅಲ್ಲೇ ಉಜ್ಜಿತೋ, ಆ ಜಾಗ ಇನ್ನಷ್ಟು ಗಟ್ಟಿಯಾಗಿ ಉಳಿಯನ್ನೇ ಮೊಂಡು ಮಾಡುತ್ತದೆ. ಅಜ್ಜನ ಎಡಗೈ ಹಿಡಿಯ ಮೇಲೆ ಒಂದೇ ಹದದಲ್ಲಿ ಸಾಗಿತು. ಒಂದೂ ಕಡಿಯದೆ ಚೂರು ಸುರುಳಿಯಾಗಿ ಸುತ್ತಿಕೊಳ್ಳುತ್ತ ತಟ್ಟೆಗೆ ಇಳಿಯಿತು. ಎಂಟು ಬುಷ್, ಎಂಟೂ ಒಂದೇ ಅಳತೆ. ಸಾಲಾಗಿ ನಿಲ್ಲಿಸಿ ಮೇಲೆ ಸ್ಕೇಲು ಇಟ್ಟು ತೋರಿಸಿದ. ಅಡಿಯಲ್ಲಿ ಎಲ್ಲೂ ಬೆಳಕು ಕಾಣಲಿಲ್ಲ. ಆ ಕೈಗೆ ಈ ಎರಡೂ ಊರುಗಳು ಇನ್ನೂ ಹೆಚ್ಚು ಕೆಲಸ ಕೊಡಬೇಕು.

ಮೂರನೆಯ ದಿನ ತಗಡು ಕೂತಿತು. ಅಂಚು ಮಡಚಿದ್ದರು, ಬಣ್ಣ ಹಚ್ಚಿರಲಿಲ್ಲ. ಹೊಳಪಿದ್ದರಷ್ಟೇ ಅದು ಕೆಲಸಕ್ಕೆ ಬರುತ್ತದೆ. ತೂತುಗಳಿಗೆಲ್ಲ ಹೊಸ ರಬ್ಬರು ಬಿತ್ತು, ಬಾಗಿಲಿಗೆ ಹೊಸ ಬೀಡಿಂಗು.

ಮರುದಿನ ಬೆಳಗ್ಗೆ ಆರಕ್ಕೆ ಮೇಷ್ಟ್ರು ಒಂದೇ ತೂಕದ ಎರಡು ಬೆಣ್ಣೆ ಉಂಡೆಗಳನ್ನು ಬಾಳೆ ಎಲೆಯಲ್ಲಿಟ್ಟು, ಎರಡರ ಮೇಲೂ ಚಾಕುವಿನಿಂದ ಒಂದೊಂದು ಗೆರೆ ಎಳೆದರು. ಒಂದು ಹಿಂದಿನ ಸೀಟಿಗೆ, ಒಂದು ಡಿಕ್ಕಿಗೆ. ಹರಿಹರೇಶ್ವರ ದೇವಸ್ಥಾನದ ಹತ್ತಿರ ಮಗಳ ಮನೆ ಮುಂದೆ ಕಾರು ನಿಂತಿತು. ಸೀಟಿನ ಉಂಡೆಯನ್ನು ಯಾರೂ ನೋಡಲಿಲ್ಲ. ಮೇಷ್ಟ್ರು ಡಿಕ್ಕಿ ತೆರೆದು ಎಲೆ ಬಿಡಿಸಿದರು. ಬೆಣ್ಣೆಯ ಮೇಲೆ ಚಾಕುವಿನ ಗೆರೆ ಹಾಗೇ ಇತ್ತು.